ಗಾಜಿನ ಮನೆಯ ಆಯುಸ್ಸು

ಗುಂಡ್ಲುಪೇಟೆಯಲ್ಲಿ ಪರವಾಸುದೇವನ ಒಂದು ದೇವಾಲಯವಿದೆ. ಹದಿನೇಳನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯವರ ನೆನಪಿಗೆಂದು ಕಟ್ಟಿಸಿದ್ದು. ಕಲ್ಲಿನ ಕಂಬ, ಕಲ್ಲಿನ ತೊಲೆ, ಕಲ್ಲಿನ ಚಪ್ಪಡಿ. ಆಚಂದ್ರಾರ್ಕವಾಗಿ ನಿಲ್ಲಬೇಕೆಂಬುದು ಕಟ್ಟಿಸಿದವರ ಸಂಕಲ್ಪವಾಗಿದ್ದಿರಬೇಕು. ಆದರೆ ಆ ಗುಡಿ ಬಹುಕಾಲ ಪಾಳುಬಿದ್ದಿತ್ತು. ಅದರ ಉತ್ಸವಮೂರ್ತಿಗಳು ವಿಜಯನಾರಾಯಣಸ್ವಾಮಿಯ ಗುಡಿಯಲ್ಲಿ ಆಶ್ರಯ ಪಡೆದವು. ಚಿಕ್ಕವನಿದ್ದಾಗ ನಾನು ಕಂಡದ್ದು, ಕಂಬಗಳ ಸಂದಿಯಲ್ಲಿ ಬೆಳೆದ ಗಿಡಗಳನ್ನು ಮತ್ತು ಆಡುಗಳು ನೆರಳಿಗೆ ಮಲಗಿದ್ದ ಒಂದು ಮಂಟಪವನ್ನು.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಇನ್ನೊಂದು ಕಟ್ಟಡವಿದೆ. ಅದಕ್ಕೆ ಕಲ್ಲಿನ ಗೋಡೆಯಿಲ್ಲ, ಗರ್ಭಗುಡಿಯಿಲ್ಲ. ಕಬ್ಬಿಣದ ಕಂಬ, ಕಬ್ಬಿಣದ ಕಮಾನು, ಮೇಲೆ ಗಾಜು. ವರುಷದಲ್ಲಿ ಕೆಲವು ದಿನ ಹೂವು ಹಣ್ಣುಗಳನ್ನು ಜೋಡಿಸಿಟ್ಟು ಜನಕ್ಕೆ ತೋರಿಸುವುದಕ್ಕಾಗಿ ಎದ್ದು ನಿಂತದ್ದು. ಹೂವಿನ ಬಾಳು ಒಂದು ದಿನ, ಗಾಜಿನ ಬಾಳು ಒಂದು ಕಲ್ಲೇಟಿನವರೆಗೆ ಎನ್ನುತ್ತಾರೆ. ಆದರೂ ಆ ಮನೆ ನೂರ ಮೂವತ್ತು ವರುಷಗಳನ್ನು ದಾಟಿ ನಿಂತಿದೆ. ಇಂದಿಗೂ ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಲಕ್ಷಾಂತರ ಜನ ಅದರ ಕೆಳಗೆ ನಡೆದುಹೋಗುತ್ತಾರೆ.

ಶಾಶ್ವತವಾಗಿರಲೆಂದು ಕಟ್ಟಿದ್ದು ಪಾಳುಬೀಳುವುದೇಕೆ, ನಾಲ್ಕು ದಿನಕ್ಕೆಂದು ಕಟ್ಟಿದ್ದು ಉಳಿಯುವುದೇಕೆ? ಈ ಪ್ರಶ್ನೆಯನ್ನು ನಾನು ವಿದ್ವಾಂಸನಾಗಿ ಕೇಳುತ್ತಿಲ್ಲ. ಮರಗೆಲಸದವರೊಬ್ಬರ ಮಗನಾಗಿ ಕೇಳುತ್ತಿದ್ದೇನೆ. ಇದಕ್ಕೆ ಕಾರಣವಾದ ನನ್ನದೇ ಒಂದು ತಪ್ಪೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಾನು ಹುಟ್ಟಿದ್ದು ತಾಯಿಯ ತವರಾದ ಗುಂಡ್ಲುಪೇಟೆಯಲ್ಲಿ, ಬೆಳೆದದ್ದು ಚಾಮರಾಜನಗರದಲ್ಲಿ. ನಮ್ಮ ತಂದೆಯವರು ಬಾಗಿಲು, ಕಿಟಕಿ, ಗಾಡಿಯ ಚಕ್ರ ಮಾಡಿ ಜೀವನ ಸಾಗಿಸಿದವರು. 1966ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ನೆಂಟರ ಮನೆಗೆ ಹೋಗುವ ಪ್ರಸಂಗ ಬಂದಿತು. ಚಾಮರಾಜನಗರದಿಂದ ಮೈಸೂರಿಗೆ, ಅಲ್ಲಿಂದ ಬೆಂಗಳೂರಿಗೆ, ಮೀಟರ್ ಗೇಜಿನ ಪುಟ್ಟ ರೈಲು. ಕಿಟಕಿಯ ಹೊರಗೆ ತಲೆಹಾಕಿ ಕಣ್ಣಿಗೆ ಇದ್ದಲಿನ ಕಿಡಿ ಬಿದ್ದದ್ದು ಈಗಲೂ ನೆನಪಿದೆ. ಮಾರನೆಯ ದಿನ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ.

ನಾನು ಹೂಗಳನ್ನು ನೋಡಿದೆ. ನಮ್ಮ ತಂದೆಯವರು ಹೂಗಳನ್ನು ನೋಡಲಿಲ್ಲ. ಕತ್ತೆತ್ತಿ ಮಾಡನ್ನೇ ನೋಡುತ್ತ, ಎದುರಿಗೆ ಬಂದವರಿಗೆಲ್ಲ ಡಿಕ್ಕಿ ಹೊಡೆಯುತ್ತ ನಡೆದರು. ಒಂದು ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿದರು. ಆಮೇಲೆ, "ಎಣಿಸ್ಲಾ ಮಗಾ, ಎಷ್ಟು ಅಂಕಣ ಅದೆ ನೋಡುವಾ" ಎಂದರು. ನಾನು ಎಣಿಸುತ್ತ ಹೋದೆ. ಗುಲಾಬಿಗಳ ಹತ್ತಿರ ಬರುವಷ್ಟರಲ್ಲಿ ಲೆಕ್ಕ ತಪ್ಪಿತು. ಅವರು ಬಯ್ಯಲಿಲ್ಲ. "ಆಗಲಿ ಬುಡು. ಮಂಟಪವೇ ಕಣ್ಲಾ ಇದು. ಕಲ್ಲು ಹೋಗಿ ಕಬ್ಬಿಣ ಬಂದದೆ, ಅಷ್ಟೆ" ಎಂದರು.

ಅಂಕಣವೆಂದರೆ ಎರಡು ಕಂಬಗಳ ನಡುವಣ ಅಳತೆ. ನಮ್ಮ ಸೀಮೆಯಲ್ಲಿ ಮನೆಯನ್ನು ಹೇಳುವುದೇ ಹಾಗೆ: ಐದಂಕಣದ ಮನೆ, ಏಳಂಕಣದ ಮನೆ. ಒಂದು ಅಂಕಣವನ್ನು ಸರಿಯಾಗಿ ಕಟ್ಟಲು ತಿಳಿದವನಿಗೆ ನೂರು ಅಂಕಣ ಕಟ್ಟುವುದು ಕಷ್ಟವಲ್ಲ. ಅದನ್ನೇ ಮತ್ತೆ ಮತ್ತೆ ಇಟ್ಟುಕೊಂಡು ಹೋದರಾಯಿತು. ಲಾಲ್‌ಬಾಗಿನ ಗಾಜಿನ ಮನೆಯ ಗುಟ್ಟೂ ಇದೇ. ಅದರ ಪೂರ್ವಜನಾದ ಲಂಡನ್ನಿನ ಸ್ಫಟಿಕದರಮನೆಯ, ಎಂದರೆ ಕ್ರಿಸ್ಟಲ್ ಪ್ಯಾಲೆಸ್ಸಿನ ಗುಟ್ಟೂ ಇದೇ. ನಮ್ಮ ತಂದೆಯವರು ಓದಿ ತಿಳಿದವರಲ್ಲ, ತಟ್ಟಿ ತಿಳಿದರು.

ಆ ಪೂರ್ವಜನ ಕತೆಯನ್ನು ಈಗ ಹೇಳಬೇಕು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಲೋಕದ ಎಲ್ಲ ದೇಶಗಳ ಕೈಗಾರಿಕೆಯ ವಸ್ತುಗಳನ್ನೂ ಒಂದೆಡೆ ಕೂಡಿಸಿ ತೋರಿಸುವ ಮಹಾಪ್ರದರ್ಶನ ನಡೆಯಿತು. ಅದರ ಮುಂದಾಳುಗಳಲ್ಲಿ ಮುಖ್ಯನಾದವನು ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ರಾಜಕುಮಾರ. ಇಷ್ಟು ವಸ್ತುಗಳಿಗೆ ಮನೆಯೆಲ್ಲಿ? ಇನ್ನೂರಕ್ಕೂ ಹೆಚ್ಚು ನಕ್ಷೆಗಳು ಬಂದುವು, ಒಂದೂ ಒಪ್ಪಿಗೆಯಾಗಲಿಲ್ಲ. ಇಟ್ಟಿಗೆಯಲ್ಲಿ ಕಟ್ಟುತ್ತ ಕುಳಿತರೆ ಪ್ರದರ್ಶನದ ದಿನ ಕಳೆದುಹೋಗುವಂತಿತ್ತು. ಆಗ ಮುಂದೆ ಬಂದವನು ಜೋಸೆಫ್ ಪ್ಯಾಕ್ಸ್‌ಟನ್. ಅವನು ಶಿಲ್ಪಿಯಲ್ಲ, ಒಬ್ಬ ಶ್ರೀಮಂತನ ತೋಟದ ಮಾಲಿಯಾಗಿ ಸೇರಿ ಮೇಲೆ ಬಂದವನು. ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯನ್ನು 1849ರಲ್ಲಿ ಇಂಗ್ಲೆಂಡಿನ ಚಳಿಯಲ್ಲಿ ಅರಳಿಸಿ ಹೆಸರಾಗಿದ್ದ. ಆ ನೈದಿಲೆಯ ಎಲೆ ಎಷ್ಟು ಗಟ್ಟಿಯೆಂದರೆ ತನ್ನ ಪುಟ್ಟ ಮಗಳನ್ನು ಅವನು ಅದರ ಮೇಲೆ ನಿಲ್ಲಿಸಿ ತೋರಿಸಿದ್ದನು. ಎಲೆಯ ಹಿಂಬದಿಯಲ್ಲಿ ನಡುವಿನಿಂದ ಅಂಚಿಗೆ ಹಬ್ಬುವ ನರಗಳು, ಅವನ್ನು ಅಡ್ಡಕ್ಕೆ ಹೆಣೆಯುವ ಸಣ್ಣ ನರಗಳು, ನಡುವೆ ತೆಳು ಪೊರೆ. ಭಾರವನ್ನು ಹೊರುವವು ನರಗಳು. ಪೊರೆಯ ಕೆಲಸ ಮುಚ್ಚುವುದಷ್ಟೆ. ನರದ ಜಾಗದಲ್ಲಿ ಕಬ್ಬಿಣ, ಪೊರೆಯ ಜಾಗದಲ್ಲಿ ಗಾಜು. ಇಷ್ಟೇ ಅವನ ಉಪಾಯ.

ಕಬ್ಬಿಣದ ಕಂಬಗಳನ್ನು ಇಪ್ಪತ್ತನಾಲ್ಕು ಅಡಿಯ ಅಂಕಣಗಳಲ್ಲಿ ನಿಲ್ಲಿಸಿ ಸುಮಾರು 1,850 ಅಡಿ ಉದ್ದದ ಮನೆಯನ್ನು ಕೆಲವೇ ತಿಂಗಳಲ್ಲಿ ಎಬ್ಬಿಸಿದರು. ಮೂರು ಲಕ್ಷದ ಹತ್ತಿರ ಗಾಜಿನ ಹಲಗೆಗಳು ಹಿಡಿದವು. ಕಂಬಗಳು ಟೊಳ್ಳು; ಮಾಡಿನ ಮಳೆನೀರು ಅವುಗಳೊಳಗಿನಿಂದಲೇ ಕೆಳಗಿಳಿಯುತ್ತಿತ್ತು. ಉದ್ಯಾನದ ದೊಡ್ಡ ಮರಗಳನ್ನು ಕಡಿಯಬಾರದೆಂದು ಜನ ಗಲಾಟೆಮಾಡಿದ್ದರಿಂದ ಅವುಗಳನ್ನು ಒಳಗೆ ಸೇರಿಸಿಕೊಂಡೇ ಮೇಲೆ ಕಮಾನು ಹಾಕಿದರು. ಆರು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಅರುವತ್ತು ಲಕ್ಷ ಪ್ರವೇಶಗಳಾದವು.

ಭಾರತದ ವಿಭಾಗದಲ್ಲಿ ಕೊಹಿನೂರ್ ವಜ್ರವಿತ್ತು. ಒಂದು ಅಂಬಾರಿಯೂ ಇತ್ತು. ಅಂಬಾರಿಯನ್ನು ಹೊರಿಸಲು ಆನೆ ಬೇಕಲ್ಲ! ಇಂಗ್ಲೆಂಡಿನ ಹಳ್ಳಿಗಾಡಿನ ವಸ್ತುಸಂಗ್ರಹಾಲಯವೊಂದರಿಂದ ಹೊಟ್ಟೆಗೆ ಹುಲ್ಲು ತುಂಬಿದ ಒಂದು ಆನೆಯನ್ನು ತಂದು ನಿಲ್ಲಿಸಿದರು. ಅದು ಆಫ್ರಿಕದ ಆನೆ. ನಮ್ಮ ಸೀಮೆಯ ಕಾಡುಗಳಲ್ಲಿ ಸ್ಯಾಂಡರ್‌ಸನ್ ಸಾಹೇಬನು 1870ರ ದಶಕದಲ್ಲಿ ಖೆಡ್ಡಾ ಮಾಡಿ ಆನೆಗಳನ್ನು ಹಿಡಿದದ್ದನ್ನು ಕಂಡ ಹಿರಿಯರ ಮೊಮ್ಮಕ್ಕಳು ನಾವು. ಚಾಮರಾಜನಗರದ ಯಾವ ಹುಡುಗನಾದರೂ ಆ ಮೊರದಗಲ ಕಿವಿಯನ್ನು ನೋಡಿದೊಡನೆ ಇದು ನಮ್ಮ ಆನೆಯಲ್ಲವೆಂದು ಹೇಳುತ್ತಿದ್ದ. ಪ್ರದರ್ಶನವೆಂಬುದು ಹೀಗೆಯೆ: ಲೋಕವನ್ನೇ ತೋರಿಸುತ್ತೇನೆನ್ನುತ್ತದೆ, ಆನೆಯಂಥ ಆನೆಯನ್ನೇ ತಪ್ಪಾಗಿ ತೋರಿಸುತ್ತದೆ.

ಪ್ರದರ್ಶನ ಮುಗಿಯಿತು. ಮನೆಯನ್ನು ಬಿಚ್ಚಿದರು, ಲಂಡನ್ನಿನ ದಕ್ಷಿಣದ ಸಿಡನ್‌ಹ್ಯಾಮ್ ಎಂಬಲ್ಲಿ ಇನ್ನೂ ದೊಡ್ಡದಾಗಿ ಜೋಡಿಸಿ 1854ರಲ್ಲಿ ತೆರೆದರು. ಕಟ್ಟಿದ್ದನ್ನು ಬಿಚ್ಚಬಹುದು, ಬಿಚ್ಚಿದ್ದನ್ನು ಮತ್ತೊಂದೆಡೆ ಕಟ್ಟಬಹುದು. ಲೋಕಕ್ಕೆ ಇದು ಹೊಸ ಮಾತಾಗಿತ್ತು. ನಾಡು ನಾಡುಗಳಲ್ಲಿ ಗಾಜಿನ ಮನೆಗಳು ಎದ್ದವು.

ಈಗ ಬೆಂಗಳೂರಿಗೆ ಬರೋಣ. ಹೈದರಾಲಿಯು 1760ರಲ್ಲಿ ತೊಡಗಿ ಟಿಪ್ಪು ಬೆಳೆಸಿದ ಲಾಲ್‌ಬಾಗಿನ ಮೇಲ್ವಿಚಾರಣೆ ಆಗ ಜಾನ್ ಕ್ಯಾಮರಾನ್ ಎಂಬವರ ಕೈಯಲ್ಲಿತ್ತು. ಮೈಸೂರು ಸಂಸ್ಥಾನ ಐವತ್ತು ವರ್ಷ ಇಂಗ್ಲಿಷರ ಆಡಳಿತದಲ್ಲಿದ್ದು, 1881ರಲ್ಲಿ ಒಡೆಯರಿಗೆ ಮರಳಿ ಬಂದಿತ್ತು. ಸಿಂಹಾಸನದಲ್ಲಿದ್ದವರು ಇನ್ನೂ ಮೂವತ್ತು ತುಂಬದ ಚಾಮರಾಜೇಂದ್ರ ಒಡೆಯರು. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಶಂಕುಸ್ಥಾಪನೆ ಮಾಡಿದನು.

ಈ ಎರಡು ಹೆಸರುಗಳನ್ನು ಸ್ವಲ್ಪ ನಿಂತು ನೋಡಬೇಕು. ಆಲ್ಬರ್ಟ್ ವಿಕ್ಟರ್ ಎಂಬಲ್ಲಿ ಆಲ್ಬರ್ಟ್ ಎಂಬುದು ತಾತನ ಹೆಸರು. ಮೂವತ್ತೆಂಟು ವರ್ಷ ಹಿಂದೆ ಸ್ಫಟಿಕದರಮನೆಯ ಪ್ರದರ್ಶನವನ್ನು ನಡೆಸಿದವನದು. ವಿಕ್ಟರ್ ಎಂಬುದು ಅಜ್ಜಿ ವಿಕ್ಟೋರಿಯಾಳ ಹೆಸರು. ನಮ್ಮ ದೊರೆಯ ಹೆಸರೂ ತಾತನದೇ. ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡವರು ಮುಮ್ಮಡಿ ಕೃಷ್ಣರಾಜ ಒಡೆಯರು. ಮುಮ್ಮಡಿಯವರ ತಂದೆ ಖಾಸಾ ಚಾಮರಾಜ ಒಡೆಯರು. ಅವರು 1774ರಲ್ಲಿ ಹುಟ್ಟಿದ್ದು ಆಗ ಅರಿಕುಠಾರವೆನಿಸಿದ್ದ ನಮ್ಮೂರಿನಲ್ಲಿ. ಮಗನು ತಂದೆ ಹುಟ್ಟಿದ ಸ್ಥಳದಲ್ಲಿ ಜನನ ಮಂಟಪ ಕಟ್ಟಿಸಿ, ಚಾಮರಾಜೇಶ್ವರನ ಗುಡಿಯನ್ನು ಎಬ್ಬಿಸಿ, ಊರಿಗೇ ಚಾಮರಾಜನಗರವೆಂದು ಹೆಸರಿಟ್ಟರು. ತಾತನ ಹೆಸರನ್ನು ಮೊಮ್ಮಗನಿಗಿಡುವ ಪದ್ಧತಿ ನಮ್ಮ ಹಟ್ಟಿಗಳಲ್ಲಿರುವಂತೆಯೇ ಅರಮನೆಗಳಲ್ಲಿಯೂ ಇತ್ತು. ಲಾಲ್‌ಬಾಗಿನಲ್ಲಿ ಆ ದಿನ ಇಬ್ಬರು ತಾತಂದಿರ ಹೆಸರುಗಳು ಒಂದೇ ಕಟ್ಟಡದ ಬುಡದಲ್ಲಿ ಕೂಡಿದ್ದುವು. ಇಬ್ಬರು ಮೊಮ್ಮಕ್ಕಳೂ ಬಹಳ ದಿನ ಬಾಳಲಿಲ್ಲ. ಆಲ್ಬರ್ಟ್ ವಿಕ್ಟರ್ 1892ರಲ್ಲಿ ಇಪ್ಪತ್ತೆಂಟನೆಯ ವಯಸ್ಸಿಗೆ ತೀರಿಕೊಂಡನು. ಚಾಮರಾಜೇಂದ್ರರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ, ಮೂವತ್ತೊಂದನೆಯ ವಯಸ್ಸಿಗೆ. ಬೇಗ ಒಡೆಯುವ ಸಾಮಾನೆನಿಸಿದ ಗಾಜು ಮಾತ್ರ ಉಳಿಯಿತು.

ಕಬ್ಬಿಣದ ಭಾಗಗಳನ್ನು ಎರಕ ಹೊಯ್ದು ಕಳುಹಿಸಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪೆನಿಯ ಸಾರಸೆನ್ ಎರಕದ ಕಾರ್ಖಾನೆ. ಆ ಕಾರ್ಖಾನೆಯವರು ದಪ್ಪ ಪುಸ್ತಕವೊಂದನ್ನು ಅಚ್ಚುಮಾಡಿಸಿ ಲೋಕಕ್ಕೆಲ್ಲ ಹಂಚುತ್ತಿದ್ದರು. ಅದರಲ್ಲಿ ಕಂಬ, ಕಟಕಟೆ, ಕಾರಂಜಿ, ದೀಪದ ಕಂಬ, ವಾದ್ಯಗಾರರ ಮಂಟಪ ಎಲ್ಲವಕ್ಕೂ ಚಿತ್ರ ಮತ್ತು ಸಂಖ್ಯೆ. ಇಂಥ ಸಂಖ್ಯೆಯ ಕಂಬ ಇಷ್ಟು, ಇಂಥ ಸಂಖ್ಯೆಯ ಕಮಾನು ಇಷ್ಟು ಎಂದು ಬರೆದರೆ ಸಾಕು. ಸಾಮಾನು ಹಡಗಿನಲ್ಲಿ ಬರುತ್ತಿತ್ತು. ಇಲ್ಲಿಯವರು ತಳಪಾಯ ಹಾಕಿ, ತುಂಡಿಗೆ ತುಂಡು ಕೂಡಿಸಿ, ತಿರುಪು ಬಿಗಿದು ನಿಲ್ಲಿಸುತ್ತಿದ್ದರು.

ಹಾಗೆಂದು ಇದು ಲಂಡನ್ನಿನ ಮನೆಯ ಬರಿಯ ನಕಲೆಂದು ತಿಳಿಯಬಾರದು. ಚಳಿಯ ನಾಡಿನಲ್ಲಿ ಗಾಜಿನ ಮನೆಯ ಕೆಲಸ ಬೆಚ್ಚನೆಯ ಗಾಳಿಯನ್ನು ಒಳಗೆ ಕೂಡಿಹಾಕುವುದು. ಅಲ್ಲಿ ನಾಲ್ಕೂ ಕಡೆ ಮುಚ್ಚಿದಷ್ಟು ಒಳ್ಳೆಯದು. ಬೆಂಗಳೂರಿನಲ್ಲಿ ಹಾಗೆ ಮುಚ್ಚಿದರೆ ಹೂವೂ ಬೇಯುತ್ತದೆ, ನೋಡಲು ಬಂದವನೂ ಬೇಯುತ್ತಾನೆ. ಇಲ್ಲಿ ಬೇಕಾದದ್ದು ಬೆಳಕು ಬಿಟ್ಟುಕೊಂಡು ಮಳೆಯನ್ನು ತಡೆಯುವ ಮಾಡು. ಆದ್ದರಿಂದ ಈ ಮನೆ ಮೇಲುಗಡೆ ಗಾಜಿನದು, ಕೆಳಗಡೆ ಗಾಳಿಯದು. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಗೆ ದಾಟುತ್ತದೆ. ನಡುವೆ ಎತ್ತರದ ಮಾಡು, ಅದರ ಇಕ್ಕೆಲದಲ್ಲಿ ತಗ್ಗಿದ ಮಾಡುಗಳು, ದಿಕ್ಕು ದಿಕ್ಕಿಗೆ ಚಾಚಿದ ಕೈಗಳು. ಕಂಬದ ತಲೆಯಿಂದ ಹೊರಟ ಕಬ್ಬಿಣದ ಬಳ್ಳಿಗಳು ಬಾಗಿ ಕಮಾನನ್ನು ಮುಟ್ಟುವ ಜಾಗದಲ್ಲಿ ಎರಕದ ಎಲೆಗಳಿವೆ. ಇವು ಅಲಂಕಾರವೂ ಹೌದು, ಕಂಬಕ್ಕೂ ತೊಲೆಗೂ ಕೊಟ್ಟ ಊರುಗೋಲೂ ಹೌದು. ನಮ್ಮ ಮಂಟಪಗಳ ಬೋದಿಗೆ ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಭಾರವು ತೊಲೆಯಿಂದ ಕಂಬಕ್ಕೆ ಥಟ್ಟನೆ ಇಳಿಯದೆ ಮೆಲ್ಲನೆ ಇಳಿಯುವಂತೆ ನೋಡಿಕೊಳ್ಳುತ್ತವೆ. ನಮ್ಮ ತಂದೆಯವರು ಮಂಟಪವೆಂದು ಕರೆದದ್ದರಲ್ಲಿ ತಪ್ಪಿರಲಿಲ್ಲ.

ಅವರು ಕಂಬವನ್ನು ತಟ್ಟಿ ನೋಡಿದ್ದಕ್ಕೂ ಅರ್ಥವಿತ್ತೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಚ್ಚಿನಲ್ಲಿ ಹೊಯ್ದ ಎರಕದ ಕಬ್ಬಿಣ ತಲೆಯ ಮೇಲಿನ ಭಾರವನ್ನು ಹೊರುವುದರಲ್ಲಿ ಗಟ್ಟಿಗ. ಎಳೆತ ಬಿದ್ದರೆ ಮಾತ್ರ ಮುರಿಯುತ್ತದೆ. ಬಡಿದು ಹದಮಾಡಿದ ಮೆದುಕಬ್ಬಿಣ ಎಳೆತವನ್ನೂ ತಡೆಯುತ್ತದೆ. ಕಂಬಕ್ಕೆ ಮೊದಲನೆಯದು, ಎಳೆದು ಹಿಡಿಯುವ ಸರಳುಗಳಿಗೆ ಎರಡನೆಯದು. ಇದು ಆ ಕಾಲದ ಕಟ್ಟಡಗಾರರ ಸೂತ್ರ. ಹೊನ್ನೆಯನ್ನು ಎಲ್ಲಿಗೆ, ಮತ್ತಿಯನ್ನು ಎಲ್ಲಿಗೆ, ಹಲಸನ್ನು ಎಲ್ಲಿಗೆ ಹಾಕಬೇಕೆಂದು ಬಲ್ಲ ಮರಗೆಲಸದವನಿಗೆ ಇದು ಬೇರೆಯ ವಿದ್ಯೆಯಲ್ಲ.

1889ನೆಯ ಇಸವಿಯನ್ನು ಹೇಳಿದ ಮೇಲೆ ಇನ್ನೊಂದು ಕಬ್ಬಿಣದ ಕಟ್ಟಡವನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಲಾಲ್‌ಬಾಗಿನಲ್ಲಿ ಶಂಕುಸ್ಥಾಪನೆಯಾದ ವರುಷವೇ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಐಫೆಲ್ ಗೋಪುರ ತೆರೆಯಿತು. 300 ಮೀಟರ್ ಎತ್ತರ, 18,038 ತುಂಡುಗಳು, ಇಪ್ಪತ್ತೈದು ಲಕ್ಷ ರಿವೆಟ್ಟುಗಳು. ಅದು ಏಳುವ ಮೊದಲೇ, 1887ರಲ್ಲಿ, ಪ್ಯಾರಿಸ್ಸಿನ ಹೆಸರಾಂತ ಲೇಖಕರೂ ಕಲಾವಿದರೂ ಇದು ನಗರಕ್ಕೆ ಅಪಮಾನವೆಂದು ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಗೋಪುರಕ್ಕೆ ಕೊಟ್ಟದ್ದು ಇಪ್ಪತ್ತು ವರುಷದ ಪರವಾನಗಿ ಮಾತ್ರ. ಆಮೇಲೆ ಅದನ್ನು ಬಿಚ್ಚಿಹಾಕಬಹುದಾಗಿತ್ತು. ಅದನ್ನು ಉಳಿಸಿದ್ದು ಯಾವುದು? ಅದರ ಚೆಲುವಲ್ಲ, ಸ್ವಾಮಿ. ರೇಡಿಯೋ. ಗುಸ್ತಾವ್ ಐಫೆಲ್ ತನ್ನ ಗೋಪುರ ಏನಾದರೂ ಉಪಯೋಗಕ್ಕೆ ಬಂದರೆ ಮಾತ್ರ ಬದುಕೀತೆಂದು ಅರಿತಿದ್ದನು. ಅಲ್ಲಿ ಹವಾಮಾನವನ್ನು ಅಳೆಯಲು ಏರ್ಪಡಿಸಿದನು, ಗಾಳಿಯ ಒತ್ತಡದ ಪ್ರಯೋಗಗಳನ್ನು ನಡೆಸಿದನು. 1898ರಲ್ಲಿ ಗೋಪುರದ ತುದಿಯಿಂದ ತಂತಿಯಿಲ್ಲದ ಸಂದೇಶ ಹೊರಟಿತು. ಸೈನ್ಯದವರಿಗೆ ಅದರ ಬೆಲೆ ತಿಳಿಯಿತು. 1910ರಲ್ಲಿ ಪರವಾನಗಿ ಎಪ್ಪತ್ತು ವರುಷಕ್ಕೆ ಬೆಳೆಯಿತು.

ಈ ಮಾತನ್ನು ಬಾನುಲಿಯಲ್ಲಿ ಹೇಳುವಾಗ ನನಗೆ ಒಂದು ಬಗೆಯ ಸಂತೋಷವಾಗುತ್ತದೆ. ಕಣ್ಣಿಗೆ ಕಾಣದ ದನಿಯೊಂದು ಕಣ್ಣು ಕುಕ್ಕುವ ಗೋಪುರವನ್ನು ಕಾಪಾಡಿತು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ತೊಡಗಿದ್ದು 1935ರಲ್ಲಿ; ಆಕಾಶವಾಣಿಯೆಂಬ ಹೆಸರು ನಾಡಿಗೆ ಬಂದದ್ದು ಅಲ್ಲಿಂದ. ಅದೇ 1935ರಲ್ಲಿ ಲಾಲ್‌ಬಾಗಿನ ಗಾಜಿನ ಮನೆಗೆ ಪೂರ್ವದಿಕ್ಕಿನಲ್ಲಿ ಇನ್ನೊಂದು ಭಾಗ ಸೇರಿತು. ಈ ಸಲ ಗ್ಲಾಸ್ಗೋವಿಗೆ ಬರೆಯಬೇಕಾಗಲಿಲ್ಲ. ಕಬ್ಬಿಣ ಬಂದದ್ದು ನಮ್ಮ ಭದ್ರಾವತಿಯ ಕಾರ್ಖಾನೆಯಿಂದ. ಹಳೆಯ ಭಾಗವನ್ನು ಹೊಯ್ದ ಸಾರಸೆನ್ ಕಾರ್ಖಾನೆ 1967ರಲ್ಲಿ ಮುಚ್ಚಿಹೋಯಿತು. ಅಚ್ಚು ಹೋಯಿತು, ಎರಕ ಉಳಿದಿದೆ.

ಇನ್ನೊಂದು ಪ್ರದರ್ಶನವನ್ನೂ ಹೇಳಿಬಿಡುತ್ತೇನೆ. ಅದಕ್ಕೂ ಚಾಮರಾಜನೆಂಬ ಹೆಸರಿಗೂ ನಂಟಿದೆ. 1892ರಲ್ಲಿ ಮೈಸೂರಿಗೆ ಬಂದ ತರುಣ ಸಂನ್ಯಾಸಿಯೊಬ್ಬರನ್ನು ಚಾಮರಾಜೇಂದ್ರರು ಅತಿಥಿಯಾಗಿ ಇರಿಸಿಕೊಂಡು, ಅಮೆರಿಕಕ್ಕೆ ಹೋಗಲು ನೆರವಾಗುವ ಮಾತು ಕೊಟ್ಟರು. ಆ ಸಂನ್ಯಾಸಿ ವಿವೇಕಾನಂದರು. 1893ರ ಸೆಪ್ಟೆಂಬರ್ 11ರಂದು ಅವರು ಮಾತಾಡಿದ ಸರ್ವಧರ್ಮ ಸಮ್ಮೇಳನ ಚಿಕಾಗೋ ನಗರದ ವಿಶ್ವಪ್ರದರ್ಶನದ ಅಂಗವಾಗಿ ನಡೆದದ್ದು. ಆ ಪ್ರದರ್ಶನಕ್ಕೆಂದು ಗಾರೆಯ ಮೆತ್ತುವಿಕೆಯಿಂದ ಎದ್ದ ಬಿಳಿಯ ಅರಮನೆಗಳಲ್ಲಿ ಹೆಚ್ಚಿನವು ಮರುವರುಷವೇ ಬೆಂಕಿಗೆ ಬೂದಿಯಾದವು. ಸಮ್ಮೇಳನ ನಡೆದ ಕಟ್ಟಡ ಮಾತ್ರ ಇನ್ನೂ ಇದೆ. ಅದು ಈಗ ಅಲ್ಲಿಯ ಕಲಾಶಾಲೆ ಮತ್ತು ಚಿತ್ರಶಾಲೆ. ಪ್ರದರ್ಶನ ಮುಗಿದ ಮೇಲೆ ಯಾವ ಕೆಲಸಕ್ಕೆಂಬುದನ್ನು ಮೊದಲೇ ಗೊತ್ತುಮಾಡಿ ಕಟ್ಟಿದ್ದರಿಂದ ಅದು ಉಳಿಯಿತು.

ಹಾಗಾದರೆ ಸ್ಫಟಿಕದರಮನೆ ಏನಾಯಿತು? ಸಿಡನ್‌ಹ್ಯಾಮಿನಲ್ಲಿ ಸಾಲದ ಮೇಲೆ ಸಾಲ, ದುರಸ್ತಿಯ ಮೇಲೆ ದುರಸ್ತಿ. ಸಂಗೀತ, ಬಾಣಬಿರುಸು, ಸರ್ಕಸ್ಸು, ಏನು ನಡೆಸಿದರೂ ಅಷ್ಟು ದೊಡ್ಡ ಮನೆಯ ಹೊಟ್ಟೆ ತುಂಬಲಿಲ್ಲ. ಒಂದು ರಾತ್ರಿ ಒಣಗಿದ ನೆಲಹಲಗೆಗಳಿಗೆ ಬೆಂಕಿ ತಗುಲಿ, ಕಬ್ಬಿಣ ಬಾಗಿ, ಗಾಜು ಕರಗಿ ಹರಿಯಿತು. ಆ ದಿನ 1936ರ ನವೆಂಬರ್ 30. ಬೆಂಗಳೂರಿನಲ್ಲಿ ಅದರ ಕೂಸಿಗೆ ಶಂಕುಸ್ಥಾಪನೆಯಾದ ನವೆಂಬರ್ 30ಕ್ಕೆ ಸರಿಯಾಗಿ ನಾಲ್ವತ್ತೇಳು ವರುಷ. ತಾಯಿ ಸುಟ್ಟುಹೋದಳು, ದೂರದೇಶಕ್ಕೆ ಕೊಟ್ಟ ಮಗಳು ಬದುಕಿದ್ದಾಳೆ.

ಮಗಳು ಬದುಕಿದ್ದು ಹೇಗೆಂಬುದು ಈಗ ಸ್ಪಷ್ಟವಾಗುತ್ತದೆ. ಅವಳು ಚಿಕ್ಕವಳು, ಹೊಟ್ಟೆ ಚಿಕ್ಕದು. ಅವಳಿಗೆ ಒಂದು ಕೆಲಸವಿತ್ತು. ಆ ಕೆಲಸ ವರುಷ ವರುಷ ತಪ್ಪದೆ ಬರುತ್ತಿತ್ತು. ಹೂವು ಒಂದು ದಿನಕ್ಕೆ ಬಾಡುತ್ತದೆಂಬುದು ನಿಜ. ಆದ್ದರಿಂದಲೇ ಅದನ್ನು ಮತ್ತೆ ಮತ್ತೆ ತಂದಿಡಬೇಕಾಗುತ್ತದೆ. ಮತ್ತೆ ಮತ್ತೆ ತಂದಿಡುವವರಿರುವ ತನಕ ಮನೆಗೆ ಬಣ್ಣ ಬಳಿಯುವವರಿರುತ್ತಾರೆ, ಒಡೆದ ಗಾಜನ್ನು ಬದಲಿಸುವವರಿರುತ್ತಾರೆ. ದೇವರು ಹೊರಟುಹೋದ ಗುಡಿಯ ಚಪ್ಪಡಿ ಸರಿದರೆ ಯಾರೂ ನೋಡುವುದಿಲ್ಲ; ಆ ಸಂದಿಗೆ ಹಕ್ಕಿ ಬೀಜ ತರುತ್ತದೆ, ಬೀಜ ಬೇರು ಬಿಡುತ್ತದೆ, ಬೇರು ಕಲ್ಲನ್ನು ಸೀಳುತ್ತದೆ. ಕಲ್ಲನ್ನು ಸೀಳುವ ಕೆಲಸದಲ್ಲಿ ಆಲದ ಬೇರಿಗಿಂತ ಮುಂಚೆ ಮನುಷ್ಯನ ಮರೆವು ಹೊಕ್ಕಿರುತ್ತದೆ.

ಉಳಿಯುವುದಕ್ಕೆ ಇನ್ನೂ ಒಂದು ದಾರಿಯುಂಟು. ಅದನ್ನು ನಾನು ನಮ್ಮೂರಿನಲ್ಲಿಯೇ ಕಂಡೆ. ಚಾಮರಾಜೇಶ್ವರನ ರಥೋತ್ಸವ ನಡೆಯುವುದು ಆಷಾಢದಲ್ಲಿ. ಬೇರೆಡೆ ಆಷಾಢದಲ್ಲಿ ಹೊಸ ಮದುಮಕ್ಕಳನ್ನು ಅಗಲಿಸುವುದು ವಾಡಿಕೆ. ನಮ್ಮೂರ ತೇರಿಗೆ ಮಾತ್ರ ಅವರು ಕೈಹಿಡಿದುಕೊಂಡು ಬರುತ್ತಾರೆ, ಹಣ್ಣು ಜವನ ಎಸೆಯುತ್ತಾರೆ. ಆ ತೇರೂ ಒಂದು ಪ್ರದರ್ಶನದ ಕಟ್ಟಡವೇ ಅಲ್ಲವೆ? ವರುಷಕ್ಕೊಮ್ಮೆ ಮೇಲೆ ಬಿದಿರು ಕಟ್ಟಿ, ಬಟ್ಟೆ ಸುತ್ತಿ, ಹೂವೇರಿಸಿ ಎಬ್ಬಿಸುತ್ತಾರೆ; ಎಳೆದು ಮುಗಿದ ಮೇಲೆ ಬಿಚ್ಚುತ್ತಾರೆ. ನಮ್ಮ ತಂದೆಯವರು ಎಷ್ಟೋ ವರುಷ ಅದರ ಚಕ್ರದ ರಿಪೇರಿಗೆ ಹೋಗುತ್ತಿದ್ದರು. 2017ರಲ್ಲಿ ಆ ತೇರಿಗೆ ಯಾರೋ ಬೆಂಕಿಯಿಟ್ಟರು. ಐದು ವರುಷ ಊರಿನಲ್ಲಿ ತೇರು ಹರಿಯಲಿಲ್ಲ. 2022ರ ಆಷಾಢದಲ್ಲಿ ಹೊಸ ತೇರು ಬೀದಿಗಿಳಿಯಿತು. ಅದರ ಒಂದು ಮರದ ತುಂಡೂ ಹಳೆಯದಲ್ಲ. ಆದರೂ ಹಗ್ಗ ಹಿಡಿದ ಯಾರೊಬ್ಬರೂ ಇದು ಬೇರೆಯ ತೇರೆಂದು ಹೇಳಲಿಲ್ಲ. ಲಂಡನ್ನಿನವರು ಸುಟ್ಟುಹೋದ ಅರಮನೆಯನ್ನು ಮತ್ತೆ ಕಟ್ಟಲಿಲ್ಲ. ನಮ್ಮೂರಿನವರು ಸುಟ್ಟುಹೋದ ತೇರನ್ನು ಮತ್ತೆ ಕಟ್ಟಿದರು. ನಮ್ಮವರು ಹೆಚ್ಚಿನವರೆಂದು ಹೇಳಲು ಈ ಮಾತನ್ನಾಡುತ್ತಿಲ್ಲ. ಅಲ್ಲಿ ಅದರ ಅಗತ್ಯ ತೀರಿತ್ತು. ಇಲ್ಲಿ ಎಳೆಯುವ ಕೈಗಳು ಇನ್ನೂ ಇದ್ದವು.

ಈಗ ನನ್ನ ತಪ್ಪಿನ ಮಾತು. ನಮ್ಮದು ಏಳಂಕಣದ ಮನೆ. ಕಂಬಗಳನ್ನು ನಮ್ಮ ತಂದೆಯವರೇ ಕೆತ್ತಿದ್ದು, ಬೋದಿಗೆಗಳಲ್ಲಿ ಬಾಳೆಯ ಮೂತಿ ಇಳಿಬಿಟ್ಟದ್ದು ಅವರೇ. ಅವರು ಹೋದ ಮೇಲೆ ನಾನು ಕೆಲಸದ ಮೇಲೆ ಊರೂರು ತಿರುಗಿದೆ. ಮನೆಗೆ ಬೀಗ ಹಾಕಿದೆ. ಹಬ್ಬಕ್ಕೊಮ್ಮೆ ಬಂದು ಬಾಗಿಲು ತೆಗೆದು, ಕಸ ಗುಡಿಸಿ ಹೋಗುತ್ತಿದ್ದೆ. ಆಮೇಲೆ ಅದೂ ತಪ್ಪಿತು. ಮಾಡಿನ ಒಂದು ಹೆಂಚು ಜಾರಿದ್ದು ನನಗೆ ತಿಳಿಯಲಿಲ್ಲ. ತಿಳಿಯುವಷ್ಟರಲ್ಲಿ ಎರಡು ಮಳೆಗಾಲ ಕಳೆದು, ತೊಲೆಗೆ ಗೆದ್ದಲು ಹತ್ತಿತ್ತು. ಮನೆಯನ್ನು ಕೆಡವಿಸಿದೆ. ಗಟ್ಟಿಯಿದ್ದ ಕಂಬಗಳನ್ನು ಕೊಂಡವನು ಅವು ಯಾವುದೋ ಊರಿನ ಹೋಟೆಲಿಗೆ ಅಲಂಕಾರಕ್ಕೆ ಹೋಗುತ್ತವೆಂದನು. ನೂರಾರು ವರುಷದ ಗುಡಿ ಪಾಳುಬಿದ್ದುದಕ್ಕೆ ಊರವರನ್ನು ದೂರುತ್ತಿದ್ದ ನಾನು ನನ್ನ ಏಳಂಕಣವನ್ನು ಉಳಿಸಿಕೊಳ್ಳಲಿಲ್ಲ. ದುಡ್ಡಿಲ್ಲದೆ ಅಲ್ಲ. ವಾರಕ್ಕೊಮ್ಮೆ ಬಾಗಿಲು ತೆಗೆಯುವವರಿಲ್ಲದೆ.

ಚಾಮರಾಜನಗರ 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಹೊಸ ಕಟ್ಟಡಗಳು ಬಹಳ ಎದ್ದಿವೆ. ಹಳೆಯವನ್ನು ಕಾಪಾಡಬೇಕೆಂದು ಸಭೆಗಳಲ್ಲಿ ಮಾತಾಡುತ್ತೇವೆ. ಬೇಲಿ ಹಾಕಿ, ಫಲಕ ನೆಟ್ಟು, ಬೀಗ ಜಡಿದು ಬರುತ್ತೇವೆ. ಬೀಗವೆಂಬುದು ಕಾಪಾಡುವ ಉಪಾಯವಲ್ಲವೆಂಬುದನ್ನು ನಾನು ಬೆಲೆ ತೆತ್ತು ಕಲಿತಿದ್ದೇನೆ. ಜನನ ಮಂಟಪವಾಗಲಿ, ಪರವಾಸುದೇವನ ಗುಡಿಯಾಗಲಿ, ಒಂದು ಹಳೆಯ ಶಾಲೆಯ ಹಜಾರವಾಗಲಿ, ಅಲ್ಲಿ ವರುಷಕ್ಕೆ ನಾಲ್ಕು ದಿನವಾದರೂ ಜನ ಕೂಡುವ ಒಂದು ಕೆಲಸವಿರಬೇಕು. ಗುಂಡ್ಲುಪೇಟೆಯಿಂದ ಊಟಿಯ ದಾರಿಯಲ್ಲಿ ಮುಂಗಾರಿನ ಹೊತ್ತಿಗೆ ಚೆಂಡು ಹೂವು, ಸೂರ್ಯಕಾಂತಿಗಳ ಹೊಲಗಳು ದಿಗಂತದವರೆಗೆ ಹಬ್ಬಿರುತ್ತವೆ; ದಾರಿಹೋಕರು ಕಾರು ನಿಲ್ಲಿಸಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಹೂವು ನಮ್ಮಲ್ಲಿದೆ, ಮಂಟಪವೂ ನಮ್ಮಲ್ಲಿದೆ. ಒಂದನ್ನು ಇನ್ನೊಂದರ ಬಳಿಗೆ ತರುವ ಕೈಗಳನ್ನು ಮಾತ್ರ ಹುಡುಕಬೇಕಾಗಿದೆ.

ಈಚೆಗೆ ಮೊಮ್ಮಗಳನ್ನು ಕರೆದುಕೊಂಡು ಲಾಲ್‌ಬಾಗಿಗೆ ಹೋಗಿದ್ದೆ. ದೊಡ್ಡ ಜನಸಂದಣಿ. ಕುದುರೆಯ ಮೇಲೆ ಕುಳಿತ ಚಾಮರಾಜೇಂದ್ರರ ಪ್ರತಿಮೆಯನ್ನು ಅವಳಿಗೆ ತೋರಿಸಿ, ನಮ್ಮೂರಿಗೂ ಇವರಿಗೂ ಒಂದೇ ಹೆಸರೆಂದು ಹೇಳಿದೆ. ಗಾಜಿನ ಮನೆಯೊಳಗೆ ಕಾಲಿಟ್ಟ ಮೇಲೆ ನಾನು ಕಂಬವೊಂದನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ಗದ್ದಲದಲ್ಲಿ ಏನೂ ಕೇಳಿಸಲಿಲ್ಲ. "ಏನು ಮಾಡ್ತಾ ಇದ್ದೀರಿ ತಾತ?" ಎಂದಳು. ಅಂಕಣಗಳನ್ನು ಎಣಿಸಲು ಹೇಳಿದೆ. ಅವಳು ಎಣಿಸುತ್ತ ಮುಂದೆ ಹೋದಳು. ನಾನು ಹಿಂದಿನಿಂದ, ಕತ್ತೆತ್ತಿ ಮಾಡನ್ನು ನೋಡುತ್ತ, ಎದುರಿಗೆ ಬಂದವರಿಗೆ ದಾರಿಬಿಡುತ್ತ ನಡೆದೆ.

(ಬಾನುಲಿ ಭಾಷಣ)